ಶಿಕಾರಿಪುರ ಸೀಮೆ: ಕೆರೆ, ಶಾಸನ ಮತ್ತು ನಾಡಿನ ಚರಿತ್ರೆ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಎಡೆಯಲ್ಲಿದೆ. ಪಶ್ಚಿಮಕ್ಕೆ ಸೊರಬ ಮತ್ತು ಸಾಗರದ ಕಾಡುಗಳು, ಪೂರ್ವಕ್ಕೆ ಹೊನ್ನಾಳಿಯ ಬಯಲು, ಉತ್ತರಕ್ಕೆ ಹಿರೇಕೆರೂರಿನ ಕಪ್ಪುಮಣ್ಣಿನ ಹೊಲಗಳು ಇದನ್ನು ಸುತ್ತುವರಿದಿವೆ. ಕುಮುದ್ವತಿ ನದಿ ಈ ಸೀಮೆಯ ಮೂಲಕ ಹರಿದು ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ಮಳೆಯ ಪ್ರಮಾಣ ಕುಗ್ಗುತ್ತ ಹೋಗುವುದರಿಂದ, ಇಲ್ಲಿ ಭತ್ತದ ಬೇಸಾಯ ನಡೆಯಬೇಕಾದರೆ ಮಳೆಗಾಲದ ನೀರನ್ನು ಹಿಡಿದಿಡುವುದು ಅನಿವಾರ್ಯ. ಅಂತೆಯೇ ಇಲ್ಲಿನ ಗುಡ್ಡಗಳ ನಡುವಿನ ಪ್ರತಿಯೊಂದು ತಗ್ಗಿನಲ್ಲಿಯೂ ಎಂಬಂತೆ ಒಂದು ಕೆರೆ, ಕೆರೆಯ ಏರಿಯ ಕೆಳಗೆ ಗದ್ದೆಬಯಲು, ಗದ್ದೆಯ ಮೇಲಂಚಿನಲ್ಲಿ ಊರು ಕಾಣಸಿಗುತ್ತವೆ.

ಕರ್ನಾಟಕದ ಇತಿಹಾಸದಲ್ಲಿ ಈ ಸೀಮೆಗೆ ದೊರೆತಿರುವ ಸ್ಥಾನ ದೊಡ್ಡದು. ಕದಂಬರ ಮೂಲವನ್ನು ತಿಳಿಸುವ ತಾಳಗುಂದ, ಕಲ್ಯಾಣ ಚಾಲುಕ್ಯರ ಕಾಲದ ಮಹಾನಗರ ಬಳ್ಳಿಗಾವಿ, ಜೈನತೀರ್ಥವಾದ ಬಂದಳಿಕೆ, ಪ್ರಾಕೃತ ಶಾಸನಗಳ ಮಳವಳ್ಳಿ ಇವೆಲ್ಲವೂ ಈ ಒಂದೇ ತಾಲ್ಲೂಕಿನಲ್ಲಿವೆ. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಈ ತಾಲ್ಲೂಕೊಂದರಿಂದಲೇ 300ಕ್ಕೂ ಹೆಚ್ಚು ಶಾಸನಗಳು ಸೇರಿವೆ. ಆದರೆ ಈ ಶಾಸನಗಳನ್ನು ವಿದ್ವಾಂಸರು ಬಹುಕಾಲ ಬಳಸಿಕೊಂಡದ್ದು ರಾಜವಂಶಗಳ ವಂಶಾವಳಿ, ಯುದ್ಧ ಹಾಗೂ ಕಾಲನಿರ್ಣಯಗಳಿಗಾಗಿ. ಶಾಸನ ನಿಂತಿರುವ ನೆಲದ ಚರಿತ್ರೆ ಆ ಬಳಕೆಯಲ್ಲಿ ಹಿನ್ನೆಲೆಗೆ ಸರಿಯಿತು. ಅರಸುಮನೆತನಗಳು ಬಂದುಹೋದರೂ ಈ ಸೀಮೆಯ ಬದುಕನ್ನು ಹಿಡಿದು ನಿಲ್ಲಿಸಿದ್ದು ಕೆರೆ, ದತ್ತಿ ಮತ್ತು ನಾಡಿನ ಆಡಳಿತವೆಂಬ ಮೂರು ವ್ಯವಸ್ಥೆಗಳು. ಇಲ್ಲಿನ ಪ್ರಮುಖ ನೆಲೆಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿ ಈ ಮಾತನ್ನು ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಳವಳ್ಳಿ: ನಿಂತು ಮತ್ತೆ ನಡೆದ ದತ್ತಿ

ಈ ಸೀಮೆಯ ಲಿಖಿತ ಇತಿಹಾಸ ಮಳವಳ್ಳಿಯ ಒಂದು ಕಲ್ಲುಕಂಬದಿಂದ ಆರಂಭವಾಗುತ್ತದೆ. ಆ ಕಂಬದ ಮೇಲೆ ಎರಡು ಪ್ರಾಕೃತ ಶಾಸನಗಳಿವೆ. ಮೊದಲನೆಯದು ವೈಜಯಂತಿಯ, ಎಂದರೆ ಬನವಾಸಿಯ, ಅರಸನಾದ ಹಾರಿತೀಪುತ್ರ ವಿಣ್ಹುಕಡ್ಡ ಚುಟುಕುಲಾನಂದ ಸಾತಕರ್ಣಿಯದು. ಮಳಪಳಿದೇವರ ಸೇವೆಗಾಗಿ ಅವನು ಗ್ರಾಮವನ್ನು ಬ್ರಹ್ಮದೇಯವಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಎರಡನೆಯದು ಕದಂಬ ಅರಸನೊಬ್ಬನದು. ನಡುವೆ ನಿಂತುಹೋಗಿದ್ದ ಹಿಂದಿನ ದತ್ತಿಯನ್ನು ಅವನು ಅದೇ ದೇವರಿಗಾಗಿ, ಅದೇ ಮನೆತನದವನಿಗೆ ಮರಳಿ ಕೊಟ್ಟನೆಂದು ಅದು ತಿಳಿಸುತ್ತದೆ.

ಚುಟುಗಳಿಂದ ಕದಂಬರಿಗೆ ಅಧಿಕಾರ ವರ್ಗವಾದುದಕ್ಕೆ ಸಾಕ್ಷಿಯೆಂದು ಈ ಕಂಬ ಚರಿತ್ರಕಾರರ ಗಮನ ಸೆಳೆದಿದೆ. ಅದರ ಇನ್ನೊಂದು ಅರ್ಥವೂ ಅಷ್ಟೇ ಮಹತ್ವದ್ದು. ಹೊಸ ವಂಶದ ಅರಸ ಹಳೆಯ ವಂಶದ ಕೊಡುಗೆಯನ್ನು ಅಳಿಸಿಹಾಕಲಿಲ್ಲ. ಅದೇ ಕಲ್ಲಿನ ಮೇಲೆ, ಅದೇ ಭಾಷೆಯಲ್ಲಿ, ಅದನ್ನು ಮತ್ತೆ ನಡೆಯಿಸುವ ಮಾತು ಬರೆಯಿಸಿದನು. ಊರಿನ ದೇವರು, ಆ ದೇವರಿಗೆ ಸಲ್ಲುವ ಭೂಮಿ, ಅದನ್ನು ನೋಡಿಕೊಳ್ಳುವ ಮನೆತನ ಇವು ಮೂರೂ ಅರಸೊತ್ತಿಗೆಗಿಂತ ಹಳೆಯವು; ಇವನ್ನು ಮನ್ನಿಸದೆ ಹೊಸ ಅರಸನಿಗೆ ಈ ನೆಲದಲ್ಲಿ ಮಾನ್ಯತೆಯಿರಲಿಲ್ಲ ಎಂಬುದನ್ನು ಮಳವಳ್ಳಿಯ ಕಂಬ ಸೂಚಿಸುತ್ತದೆ. ಮುಂದಿನ ಸಾವಿರ ವರ್ಷಗಳ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ‘ಪೂರ್ವದತ್ತಿಯನ್ನು ಪಾಲಿಸುವ’ ಕ್ರಮದ ಆರಂಭದ ರೂಪ ಇಲ್ಲಿದೆ.

ತಾಳಗುಂದ: ಒಂದು ಕೆರೆಯ ಶಾಸನ

ತಾಳಗುಂದದ ಪ್ರಾಚೀನ ಹೆಸರು ಸ್ಥಾಣಕುಂದೂರು. ಇಲ್ಲಿನ ಪ್ರಣವೇಶ್ವರ ದೇವಾಲಯದ ಮುಂದೆ ನಿಲ್ಲಿಸಿದ ಗಟ್ಟಿಯಾದ ಬೂದುಬಣ್ಣದ ಕಣಶಿಲೆಯ ಕಂಬದ ಮೇಲೆ ಕದಂಬ ಶಾಂತಿವರ್ಮನ ಕಾಲದ, ಎಂದರೆ 5ನೆಯ ಶತಮಾನದ ನಡುಭಾಗದ, ಸಂಸ್ಕೃತ ಶಾಸನವಿದೆ. ಕುಬ್ಜನೆಂಬ ಕವಿ ರಚಿಸಿ ತಾನೇ ಕಲ್ಲಿನ ಮೇಲೆ ಬರೆದ 34 ಪದ್ಯಗಳ ಈ ಕಾವ್ಯವನ್ನು ರೈಸ್ ಅವರು ಬೆಳಕಿಗೆ ತಂದರು. ಅನಂತರ ಕೀಲ್‌ಹಾರ್ನ್ ಅವರು ಎಪಿಗ್ರಾಫಿಯಾ ಇಂಡಿಕಾದ ಎಂಟನೆಯ ಸಂಪುಟದಲ್ಲಿ ಅದನ್ನು ಪರಿಷ್ಕರಿಸಿ ಪ್ರಕಟಿಸಿದರು.

ಮಯೂರಶರ್ಮನು ಗುರು ವೀರಶರ್ಮನೊಡನೆ ವಿದ್ಯಾಭ್ಯಾಸಕ್ಕಾಗಿ ಕಂಚಿಯ ಘಟಿಕೆಗೆ ಹೋದುದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವುಂಟಾದುದು, ದರ್ಭೆ ಹಿಡಿಯುವ ಕೈಯಲ್ಲಿ ಶಸ್ತ್ರ ಹಿಡಿದು ಅವನು ರಾಜ್ಯ ಕಟ್ಟಿದುದು ಇವೆಲ್ಲವೂ ಈ ಶಾಸನದಿಂದಲೇ ತಿಳಿದುಬಂದ ಸಂಗತಿಗಳು. ಕಾಕುಸ್ಥವರ್ಮನು ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟು ಸಂಬಂಧ ಬೆಳೆಸಿದ ವಿಷಯವೂ ಇದರಲ್ಲಿದೆ. ಕನ್ನಡನಾಡಿನ ಮೊದಲ ಸ್ವತಂತ್ರ ರಾಜಮನೆತನದ ಚರಿತ್ರೆಗೆ ಇದು ಆಧಾರಸ್ತಂಭವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಈ ಶಾಸನವನ್ನು ಹಾಕಿಸಿದ ಸಂದರ್ಭವನ್ನು ನೆನೆಯಬೇಕು. ಸಾತಕರ್ಣಿಯೇ ಮೊದಲಾದ ಅರಸರು ಪೂಜಿಸಿದ್ದ ಶಿವಾಲಯದ ಸನ್ನಿಧಿಯಲ್ಲಿ ಕಾಕುಸ್ಥವರ್ಮನು ವಿಶಾಲವಾದ ಒಂದು ಕೆರೆಯನ್ನು ತೋಡಿಸಿದನು. ಆ ಕೆರೆಯ ಕೀರ್ತಿಯನ್ನು ಉಳಿಸುವುದಕ್ಕಾಗಿ ಅವನ ಮಗ ಶಾಂತಿವರ್ಮನು ಕುಬ್ಜನಿಂದ ಈ ಕಾವ್ಯವನ್ನು ಬರೆಯಿಸಿದನು. ವಂಶದ ಕಥೆ ಪೀಠಿಕೆಯಾಗಿ ಬಂದಿದೆ. ಶಾಸನದ ವಿಷಯ ಕೆರೆ. ರಾಜವಂಶದ ಚರಿತ್ರೆಗಾಗಿ ನೂರು ವರ್ಷಕ್ಕೂ ಮಿಕ್ಕಿ ಓದಲ್ಪಟ್ಟಿರುವ ಕನ್ನಡನಾಡಿನ ಈ ಸುಪ್ರಸಿದ್ಧ ಶಾಸನವು ಮೂಲತಃ ಒಂದು ಕೆರೆಯ ಶಾಸನವೆಂಬುದು ಗಮನಾರ್ಹ. ನೀರನ್ನು ನಿಲ್ಲಿಸುವುದು ರಾಜ್ಯವನ್ನು ಕಟ್ಟುವುದಕ್ಕೆ ಸಮನಾದ ಕಾರ್ಯವೆಂದು ಕದಂಬರ ಆಸ್ಥಾನ ಭಾವಿಸಿತ್ತು ಎಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ.

ಇದೇ ದೇವಾಲಯದಲ್ಲಿ ಮೃಗೇಶವರ್ಮನ ರಾಣಿ, ಕೈಕೇಯ ಕುಲದ ಪ್ರಭಾವತಿಯನ್ನು ಉಲ್ಲೇಖಿಸುವ ಶಾಸನವೂ ಇದೆ. 2013–14ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಏಳು ಸಾಲುಗಳ ಶಾಸನವೊಂದು ದೊರೆಯಿತು. ಸಂಸ್ಕೃತದೊಡನೆ ಕನ್ನಡವನ್ನೂ ಒಳಗೊಂಡ ಈ ಶಾಸನದಲ್ಲಿ ಅಂಬಿಗನೊಬ್ಬನಿಗೆ ಭೂಮಿ ಕೊಟ್ಟ ಪ್ರಸ್ತಾಪವಿದೆಯೆಂದು ಓದಲಾಗಿದೆ. ಇಲಾಖೆಯ ವಿದ್ವಾಂಸರು ಇದರ ಕಾಲವನ್ನು ಕ್ರಿ.ಶ. 370ರ ಸುಮಾರಿಗೆ ನಿರ್ದೇಶಿಸಿದ್ದಾರೆ. ಈ ಕಾಲನಿರ್ಣಯ ಸ್ಥಿರಪಟ್ಟರೆ, ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳಲಾಗುವ ಹಲ್ಮಿಡಿ ಶಾಸನಕ್ಕಿಂತ ಇದು ಹಿಂದಿನದಾಗುತ್ತದೆ. ಆ ಚರ್ಚೆ ಏನೇ ಇರಲಿ, ಮಳವಳ್ಳಿಯ ಪ್ರಾಕೃತ, ಸ್ತಂಭದ ಸಂಸ್ಕೃತ, ಕಟಾಂಜನದ ಕನ್ನಡ ಹೀಗೆ ಮೂರು ಭಾಷೆಗಳು ಕಲ್ಲಿಗೆ ಇಳಿದ ಬಗೆಯನ್ನು ಕೆಲವೇ ಹರದಾರಿಗಳ ಅಂತರದಲ್ಲಿ ನೋಡಬಹುದಾದ ಸೀಮೆ ಕರ್ನಾಟಕದಲ್ಲಿ ವಿರಳ.

ತಾಳಗುಂದ ಮುಂದೆ ಹೆಸರಾಂತ ಅಗ್ರಹಾರವಾಗಿ ಬೆಳೆಯಿತು. ಮುಕ್ಕಣ್ಣ ಕದಂಬನು ಅಹಿಚ್ಛತ್ರದಿಂದ ಬ್ರಾಹ್ಮಣ ಕುಟುಂಬಗಳನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನೆಂಬ ಐತಿಹ್ಯವನ್ನು ನಂತರದ ಶಾಸನಗಳು ಹೇಳುತ್ತವೆ. 12ನೆಯ ಶತಮಾನದ ಶಾಸನವೊಂದು ಇಲ್ಲಿನ ವಿದ್ಯಾರ್ಥಿಗಳ ಊಟ, ಉಪಾಧ್ಯಾಯರ ಜೀವಿತ ಮೊದಲಾದವಕ್ಕೆ ಮಾಡಿದ ಏರ್ಪಾಡನ್ನು ವಿವರಿಸುವಾಗ ವೇದಾಧ್ಯಯನದ ಜೊತೆಗೆ ಕನ್ನಡ ಕಲಿಸುವ ವ್ಯವಸ್ಥೆಯನ್ನೂ ಹೆಸರಿಸುತ್ತದೆ.

ಎಪ್ಪತ್ತರ ನಾಡು ಮತ್ತು ಜಕ್ಕಿಯಬ್ಬೆ

ಮಧ್ಯಕಾಲೀನ ಆಡಳಿತ ವಿಭಾಗಗಳಲ್ಲಿ ಬನವಾಸಿ ಪನ್ನಿರ್ಛಾಸಿರ, ಎಂದರೆ ಬನವಾಸಿ 12000, ದೊಡ್ಡ ಪ್ರಾಂತವಾಗಿತ್ತು. ಅದರೊಳಗೆ ನಾಗರಖಂಡ 70, ಜಿಡ್ಡುಳಿಗೆ 70 ಮೊದಲಾದ ಕಂಪಣಗಳಿದ್ದವು. ಇಂದಿನ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಭಾಗಗಳು ಈ ಕಂಪಣಗಳಿಗೆ ಸೇರಿದ್ದವು. ಈ ಸಂಖ್ಯೆಗಳು ಗ್ರಾಮಗಳನ್ನು ಸೂಚಿಸುತ್ತವೆಯೋ ಆದಾಯವನ್ನು ಸೂಚಿಸುತ್ತವೆಯೋ ಎಂಬ ಬಗ್ಗೆ ಚರ್ಚೆ ನಡೆದಿದೆ. ಎಪ್ಪತ್ತರಂತಹ ಚಿಕ್ಕ ಘಟಕಗಳಲ್ಲಿ ಅದು ಗ್ರಾಮಗಳ ಎಣಿಕೆಯೆಂದು ತಿಳಿಯುವುದು ಹೆಚ್ಚು ಸೂಕ್ತ. ನಾಡಿನ ಮುಖ್ಯಸ್ಥ ನಾಳ್ಗಾವುಂಡ. ಊರಿನ ಮುಖ್ಯಸ್ಥ ಊರ್ಗಾವುಂಡ. ಅರಮನೆಗೆ ಸಲ್ಲುವ ತೆರಿಗೆ, ಗಡಿಯ ವ್ಯಾಜ್ಯ, ದತ್ತಿಭೂಮಿಯ ಅಳತೆ, ಶತ್ರುಗಳ ದಾಳಿಗೆ ಪ್ರತಿರೋಧ ಇವೆಲ್ಲದರಲ್ಲಿಯೂ ಈ ಗಾವುಂಡರ ಹೆಸರು ಬರುತ್ತದೆ.

ಈ ವ್ಯವಸ್ಥೆಯ ಅಪೂರ್ವ ಚಿತ್ರವನ್ನು ಬಂದಳಿಕೆಯ ರಾಷ್ಟ್ರಕೂಟ ಶಾಸನ ಕೊಡುತ್ತದೆ. ಅಕಾಲವರ್ಷ ಕನ್ನರದೇವನ, ಎಂದರೆ ಎರಡನೆಯ ಕೃಷ್ಣನ ಆಳ್ವಿಕೆಯಲ್ಲಿ ಮಹಾಸಾಮಂತ ಕಲಿವಿಟ್ಟರಸನು ಬನವಾಸಿ ಪ್ರಾಂತವನ್ನು ಆಳುತ್ತಿದ್ದಾಗ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿದನು. ಕ್ರಿ.ಶ. 911ರ ಸುಮಾರಿಗೆ ಆ ನಾಳ್ಗಾವುಂಡಿಕೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಅರಸನು ವಹಿಸಿಕೊಟ್ಟನು. ಹೆಣ್ಣಾಗಿದ್ದರೂ ನಾಡನ್ನು ಸಮರ್ಥವಾಗಿ ಆಳಿದಳೆಂದು ಶಾಸನ ಅವಳನ್ನು ಕೊಂಡಾಡುತ್ತದೆ. ಕೆಲವು ವರ್ಷಗಳ ಬಳಿಕ ವ್ಯಾಧಿಗೆ ತುತ್ತಾದ ಅವಳು ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳು.

ಜಕ್ಕಿಯಬ್ಬೆಯ ಪ್ರಸಂಗವನ್ನು ಮಹಿಳೆಯರ ಸ್ಥಾನಮಾನದ ನಿದರ್ಶನವಾಗಿ ಮಾತ್ರ ಉದ್ಧರಿಸುವುದುಂಟು. ಅದು ನಾಳ್ಗಾವುಂಡಿಕೆಯ ಸ್ವರೂಪವನ್ನೂ ತಿಳಿಸುತ್ತದೆ. ಹುದ್ದೆ ಮನೆತನದೊಳಗೆ ಉಳಿಯುತ್ತಿತ್ತು, ಆದರೆ ಅರಸನ ಒಪ್ಪಿಗೆಯಿಂದ ನಡೆಯುತ್ತಿತ್ತು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ ಅದು ಸಾಗಬಹುದಾಗಿತ್ತು. ನಾಡಿನ ಆಡಳಿತ ಮಾನ್ಯಖೇಟದಿಂದ ಇಳಿದುಬಂದ ಆಜ್ಞೆಗಿಂತ ಹೆಚ್ಚಾಗಿ ಸ್ಥಳೀಯ ಮನೆತನಗಳ ಹೊಣೆಗಾರಿಕೆಯ ಮೇಲೆ ನಿಂತಿತ್ತು ಎಂಬ ತೀರ್ಮಾನಕ್ಕೆ ಇದು ಪುಷ್ಟಿ ಕೊಡುತ್ತದೆ.

ಕಾಡಿನ ಅಂಚಿನಲ್ಲಿರುವ ಬಂದಳಿಕೆಯಲ್ಲಿ ಇಂದು ಶಾಂತಿನಾಥ ಬಸದಿ, ಮೂರು ಗರ್ಭಗೃಹಗಳ ತ್ರಿಮೂರ್ತಿ ದೇವಾಲಯ ಹಾಗೂ ಸೋಮೇಶ್ವರ ದೇವಾಲಯ ಉಳಿದಿವೆ. ಸೋಮೇಶ್ವರ ದೇವಾಲಯದ ಬಾಗಿಲಿನ ಎರಡೂ ಕಡೆಯ ಕಲ್ಲಿನ ಜಾಲಂಧ್ರಗಳಲ್ಲಿ ರಾಮಾಯಣ ಮತ್ತು ಮಹಾಭಾರತದ ಸನ್ನಿವೇಶಗಳನ್ನು ಸಾಲುಸಾಲಾಗಿ ಕಡೆಯಲಾಗಿದೆ. 12ನೆಯ ಶತಮಾನದಲ್ಲಿ ನಾಗರಖಂಡವನ್ನು ಆಳಿದ ಕದಂಬ ಶಾಖೆಯ ನೆಲೆವೀಡೂ ಇದೇ ಆಗಿತ್ತು.

ಬಳ್ಳಿಗಾವಿ: ಗದ್ದೆಗಳ ನಡುವಿನ ನಗರ

ಶಿರಾಳಕೊಪ್ಪದ ಸಮೀಪದ ಬಳ್ಳಿಗಾವಿ 11 ಮತ್ತು 12ನೆಯ ಶತಮಾನಗಳಲ್ಲಿ ಬನವಾಸಿ ಪ್ರಾಂತದ ರಾಜಧಾನಿಯಾಗಿತ್ತು. ಬಳ್ಳಿಗಾವೆ, ಬಲ್ಲಿಗ್ರಾಮ, ಬಲಿಪುರ ಎಂದು ಶಾಸನಗಳು ಇದನ್ನು ಕರೆಯುತ್ತವೆ. ಮೂರು ಪುರಗಳು, ಏಳು ಬ್ರಹ್ಮಪುರಿಗಳು, ಹರಿ, ಹರ, ಕಮಲಾಸನ, ವೀತರಾಗ ಹಾಗೂ ಬೌದ್ಧ ಎಂಬ ಐದು ಮಠಗಳು ಇಲ್ಲಿದ್ದವೆಂಬ ವರ್ಣನೆಯಿದೆ.

ಈ ವರ್ಣನೆ ಕೇವಲ ಕವಿಯ ಅಲಂಕಾರವಲ್ಲವೆಂಬುದನ್ನು ಬೇರೆ ದಾಖಲೆಗಳು ಸಮರ್ಥಿಸುತ್ತವೆ. ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ ಮಹಾಮಂಡಲೇಶ್ವರ ಚಾವುಂಡರಾಯರಸನು 1047ರಲ್ಲಿ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದನು. ಅವನೇ 1048ರಲ್ಲಿ ಇಲ್ಲಿನ ಶಾಂತಿನಾಥ ಬಸದಿಗೆ ಭೂದಾನ ಮಾಡಿದನು. 1065ರಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕನು ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿ, ತಾರಾಭಗವತಿ, ಕೇಶವ, ಲೋಕೇಶ್ವರ ಮೊದಲಾದ ದೇವತೆಗಳ ಪೂಜೆಗಾಗಿ ದತ್ತಿ ಬಿಟ್ಟನು. ವಿಹಾರದ ಆಗುಹೋಗುಗಳೊಡನೆ ಸಂಬಂಧವಿದ್ದ ನಾಗಿಯಕ್ಕ ಎಂಬ ಬೌದ್ಧ ಸ್ತ್ರೀಯ ಹೆಸರೂ ಶಾಸನದಲ್ಲಿ ಉಳಿದಿದೆ. 11ನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಭಾರತದ ಒಳನಾಡಿನಲ್ಲಿ ಬೌದ್ಧವಿಹಾರವೊಂದು ಹೊಸದಾಗಿ ನಿರ್ಮಾಣವಾದುದಕ್ಕೆ ಇದು ಅಪರೂಪದ ನಿದರ್ಶನ.

ಗಂಡಭೇರುಂಡ ಸ್ತಂಭದ ಜೊತೆ ಸಂಬಂಧವಿರುವ ಒಂದು ವಿವರವನ್ನು ಇಲ್ಲಿ ಗಮನಿಸಬೇಕು. ಆ ಕಾಲದ ದಾನಶಾಸನಗಳಲ್ಲಿ ಭೂಮಿಯನ್ನು ‘ಭೇರುಂಡ ಗಳೆ’ಯಿಂದ ಅಳೆದು ಕೊಟ್ಟ ಉಲ್ಲೇಖ ಬರುತ್ತದೆ. ಗಳೆಯೆಂದರೆ ಅಳತೆಯ ಕೋಲು. ಪಟ್ಟಣದ ನಡುವಿನ ವಿಜಯಸೂಚಕ ಸ್ತಂಭದ ಹೆಸರು ಸುತ್ತಲಿನ ಗದ್ದೆಗಳ ಅಳತೆಗೂ ಸಂದಿತ್ತು. ಕಮ್ಮ, ಮತ್ತರುಗಳ ಲೆಕ್ಕದಲ್ಲಿ ಗದ್ದೆ, ಬೆದ್ದಲು, ತೋಟಗಳನ್ನು ಅಳೆದು, ಎಲ್ಲೆಗಳನ್ನು ಗುರುತಿಸಿ ಕೊಟ್ಟ ದತ್ತಿಗಳಿಂದಲೇ ಬಳ್ಳಿಗಾವಿಯ ಮಠ, ಬಸದಿ, ವಿಹಾರಗಳು ನಡೆಯುತ್ತಿದ್ದವು. ನಗರದ ವೈಭವದ ಬೇರು ಕೆರೆಯ ಕೆಳಗಿನ ಗದ್ದೆಯಲ್ಲಿತ್ತು. ಇದರೊಂದಿಗೆ ಶೆಟ್ಟಿಗಳು, ಪಟ್ಟಣಸ್ವಾಮಿಗಳು, ಮುಮ್ಮುರಿದಂಡದಂತಹ ವರ್ತಕ ಸಮೂಹಗಳು ತಮ್ಮ ಸರಕಿನ ಮೇಲಿನ ಸುಂಕದಲ್ಲಿ ಒಂದು ಪಾಲನ್ನು ಧರ್ಮಕಾರ್ಯಕ್ಕೆ ಬಿಡುತ್ತಿದ್ದವು.

ಈ ಸಂಪತ್ತು ಯಾವುದಕ್ಕೆ ಬಳಕೆಯಾಗುತ್ತಿತ್ತು ಎಂಬುದಕ್ಕೆ ಕೋಡಿಯ ಮಠದ 1162ರ ಶಾಸನ ಉತ್ತರ ಕೊಡುತ್ತದೆ. ಕಳಚುರಿ ಬಿಜ್ಜಳನು ದಕ್ಷಿಣದ ಕಡೆಗೆ ಬಂದು ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದಾಗ ಈ ಮಠಕ್ಕೆ ದತ್ತಿ ದೊರೆಯಿತು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಈ ಕಾಳಾಮುಖ ಮಠದಲ್ಲಿ ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ಷಡ್ದರ್ಶನಗಳು, ಲಾಕುಳ ಸಿದ್ಧಾಂತ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ ಇವುಗಳ ವ್ಯಾಖ್ಯಾನ ನಡೆಯುತ್ತಿತ್ತು. ದೀನರು, ಅನಾಥರು, ಕುರುಡರು, ಕುಂಟರು, ಕಿವುಡರಿಗೆ ಅನ್ನದಾನ, ರೋಗಿಗಳಿಗೆ ಚಿಕಿತ್ಸೆ, ಅಂಜಿ ಬಂದವರಿಗೆ ಅಭಯ ಈ ಮಠದ ಕಾರ್ಯಗಳೆಂದು ಶಾಸನ ಎಣಿಸುತ್ತದೆ. ಶಾಕಟಾಯನ ವ್ಯಾಕರಣವು ಜೈನಪರಂಪರೆಯದೆಂಬುದನ್ನು ನೆನೆದರೆ ಶೈವಮಠವೊಂದರ ಪಠ್ಯಕ್ರಮ ಎಷ್ಟು ತೆರೆದುಕೊಂಡಿತ್ತೆಂಬುದು ಅರಿವಾಗುತ್ತದೆ. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದ ಆಚಾರ್ಯರ ಪರಂಪರೆ ಈ ಮಠವನ್ನು ಬೆಳೆಸಿತು.

ಕೇದಾರೇಶ್ವರ ದೇವಾಲಯ ಮೂರು ಗರ್ಭಗೃಹಗಳ ತ್ರಿಕೂಟ ರಚನೆ. ಎರಡರಲ್ಲಿ ಲಿಂಗಗಳೂ ಒಂದರಲ್ಲಿ ವಿಷ್ಣುಮೂರ್ತಿಯೂ ಇವೆ. 1070ರ ಸುಮಾರಿನ ತ್ರಿಪುರಾಂತಕೇಶ್ವರ ದೇವಾಲಯದ ಬಾಗಿಲುವಾಡ, ಜಾಲಂಧ್ರ ಹಾಗೂ ಅಧಿಷ್ಠಾನದ ಪಟ್ಟಿಕೆಯಲ್ಲಿನ ಪಂಚತಂತ್ರದ ಕಥಾಶಿಲ್ಪಗಳು ಚಾಲುಕ್ಯ ಕಂಡರಣೆಯ ಸೂಕ್ಷ್ಮತೆಗೆ ಸಾಕ್ಷಿಯಾಗಿವೆ. ಇಲ್ಲಿನ ಶಿಲ್ಪಿಗಳ ಕೀರ್ತಿ ಹೊರನಾಡಿಗೂ ಹಬ್ಬಿತ್ತು. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳ ಪೀಠದಲ್ಲಿ ತಮ್ಮ ಹೆಸರು ಕೊರೆದ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯವರು. ಅಲ್ಲಮಪ್ರಭುವಿನ ಜೀವನವನ್ನು ಬಳ್ಳಿಗಾವಿಯೊಂದಿಗೂ ಅಕ್ಕಮಹಾದೇವಿಯ ಹುಟ್ಟನ್ನು ಇದೇ ಸೀಮೆಯ ಉಡುತಡಿಯೊಂದಿಗೂ ಪರಂಪರೆ ಜೋಡಿಸಿದೆ. ಇಷ್ಟು ಮತಗಳು, ಇಷ್ಟು ಶಾಸ್ತ್ರಗಳು ವಾದಕ್ಕೆ ನಿಂತಿದ್ದ ನೆಲದಿಂದ ವಚನಕಾರರ ನಿಷ್ಠುರ ಪ್ರಶ್ನೆಗಳು ಮೂಡಿದುದು ಆಕಸ್ಮಿಕವೆನಿಸದು.

ಶಾಸನಗಳ ಹೊರಗೆ ಉಳಿದವರು

ಮೇಲಿನ ದಾಖಲೆಗಳೆಲ್ಲ ಕೊಡುವವರ ಮತ್ತು ಪಡೆಯುವವರ ದಾಖಲೆಗಳು. ಕೆರೆಯ ಮಣ್ಣು ಹೊತ್ತವರು, ದತ್ತಿಭೂಮಿಯನ್ನು ಉತ್ತವರು, ಗುಡಿಯ ಕಲ್ಲನ್ನು ಗಣಿಯಿಂದ ಸಾಗಿಸಿದವರು ಇವುಗಳಲ್ಲಿ ಹೆಸರಿಲ್ಲದೆ ಉಳಿದಿದ್ದಾರೆ. ಅಗ್ರಹಾರಕ್ಕೆ ಗ್ರಾಮವನ್ನು ಕೊಟ್ಟಾಗ ಆ ಗ್ರಾಮದ ರೈತನಿಗೆ ತೆರಿಗೆ ಕಟ್ಟಬೇಕಾದ ಒಡೆಯ ಬದಲಾಗುತ್ತಿದ್ದನೇ ಹೊರತು ತೆರಿಗೆ ತಪ್ಪುತ್ತಿರಲಿಲ್ಲ. ಈ ಸೀಮೆಯ ಸಮೃದ್ಧಿಯನ್ನು ವರ್ಣಿಸುವ ಯಾವ ಅಧ್ಯಯನವೂ ಈ ಮಿತಿಯನ್ನು ಮರೆಯುವಂತಿಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುವ ಆಕರಗಳೆಂದರೆ ಊರೂರುಗಳಲ್ಲಿ ಹೇರಳವಾಗಿರುವ ವೀರಗಲ್ಲು, ಮಾಸ್ತಿಗಲ್ಲು ಮತ್ತು ನಿಸಿದಿಗಲ್ಲುಗಳು. ತುರುಗಳನ್ನು ಹಿಡಿದೊಯ್ದಾಗ ಮರಳಿಸಲು ಹೋರಾಡಿ ಸತ್ತವನು, ಊರಿಗೆ ದಾಳಿಯಾದಾಗ ಕಾದಿ ಮಡಿದವನು ಇಂತಹ ಸಾಮಾನ್ಯ ಕುಲದವರ ಹೆಸರುಗಳು ಈ ಕಲ್ಲುಗಳಲ್ಲಿ ಬರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ ಎಂಬ ಕ್ರಮ ಸಾಮಾನ್ಯವಾದರೂ, ಕೆಳಗಿನ ಪಟ್ಟಿಕೆಯ ಆಯುಧ, ಉಡುಪು, ದನಗಳ ಚಿತ್ರಣ ಜನಜೀವನದ ಅಧ್ಯಯನಕ್ಕೆ ನೇರವಾದ ಸಾಮಗ್ರಿ. ನಾಡಿನ ರಕ್ಷಣೆ ಅರಸನ ಸೈನ್ಯಕ್ಕಿಂತ ಮೊದಲು ಊರಿನವರ ಹೊಣೆಯಾಗಿತ್ತೆಂಬುದನ್ನು ಇವು ಹೇಳುತ್ತವೆ. ಕೆರೆಯ ವಿಷಯದಲ್ಲಿಯೂ ಇದೇ ಕ್ರಮವಿತ್ತು. ಕೆರೆ ಕಟ್ಟಿಸಿದವರಿಗೆ, ಏರಿ, ತೂಬು, ಕೋಡಿಗಳನ್ನು ದುರಸ್ತಿ ಮಾಡುವವರಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರಿನಲ್ಲಿ ಅದೇ ಕೆರೆಯ ಕೆಳಗೆ ಭೂಮಿ ಬಿಡುವುದು ಕರ್ನಾಟಕದಲ್ಲೆಲ್ಲ ಬಳಕೆಯಲ್ಲಿದ್ದ ಪದ್ಧತಿ. ದುರಸ್ತಿ ಮಾಡಿದವನ ಗದ್ದೆಗೆ ನೀರು ಬರಬೇಕಾದರೆ ಕೆರೆ ತುಂಬಿರಬೇಕು ಎಂಬ ಸರಳ ತತ್ತ್ವದ ಮೇಲೆ ಈ ಪದ್ಧತಿ ನಿಂತಿತ್ತು.

ನಂತರದ ಕಾಲ ಮತ್ತು ಈಸೂರು

13ನೆಯ ಶತಮಾನದಲ್ಲಿ ಹೊಯ್ಸಳರು ಮತ್ತು ಸೇವುಣರ ನಡುವಿನ ಪೈಪೋಟಿಗೆ ಈ ಸೀಮೆ ಸಿಲುಕಿತು. ಮುಂದೆ ಆಡಳಿತದ ಕೇಂದ್ರಗಳು ಬೇರೆಡೆಗೆ ಸರಿದಂತೆ ಬಳ್ಳಿಗಾವಿ ಕ್ರಮೇಣ ಹಳ್ಳಿಯಾಯಿತು. ವಿಜಯನಗರದ ಅನಂತರ ಕೆಳದಿ ನಾಯಕರ, 1763ರಲ್ಲಿ ಬಿದನೂರು ಪತನವಾದ ಮೇಲೆ ಹೈದರ್ ಅಲಿಯ ಆಳ್ವಿಕೆಗೆ ಈ ಭಾಗ ಒಳಪಟ್ಟಿತು. ಮೊದಲು ಮಳಿಯನಹಳ್ಳಿ, ಬಳಿಕ ಮಹಾದಾನಪುರ ಎನಿಸಿಕೊಂಡಿದ್ದ ಊರಿಗೆ ಬೇಟೆಯ ಸಮೃದ್ಧಿಯಿಂದ ಶಿಕಾರಿಪುರವೆಂಬ ಹೆಸರು ಬಂದಿತೆಂಬ ಪ್ರತೀತಿ ಇದೆ. ಪಟ್ಟಣದ ಹುಚ್ಚರಾಯಸ್ವಾಮಿ ದೇವಾಲಯ ಆಂಜನೇಯನದು. ಅದರ ಪ್ರತಿಷ್ಠಾಪನೆಯನ್ನು ವ್ಯಾಸರಾಯರಿಗೆ ಆರೋಪಿಸುವ ಸಂಪ್ರದಾಯವಿದೆ. ದೇವರ ಹೆಸರು ಇಲ್ಲಿಯೂ ಕೆರೆಗೆ ಸಂದಿದೆ: ಪಟ್ಟಣದ ಕೆರೆ ಹುಚ್ಚರಾಯನ ಕೆರೆ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರು ಸಂಸ್ಥಾನವು ಕುಮುದ್ವತಿಗೆ ಅಂಜನಾಪುರದಲ್ಲಿ ಕಟ್ಟಿಸಿದ ಜಲಾಶಯ ಈ ಪರಂಪರೆಯ ಆಧುನಿಕ ರೂಪ.

ಆಧುನಿಕ ಕಾಲದಲ್ಲಿ ಈ ಸೀಮೆ ದೇಶದ ಗಮನ ಸೆಳೆದುದು 1942ರಲ್ಲಿ. ಕ್ವಿಟ್ ಇಂಡಿಯಾ ಚಳವಳಿಯ ಸಂದರ್ಭದಲ್ಲಿ ಈಸೂರು ಗ್ರಾಮದ ಜನರು ಕಂದಾಯ ಕೊಡಲು ನಿರಾಕರಿಸಿ, ಊರನ್ನು ಸ್ವತಂತ್ರವೆಂದು ಸಾರಿದರು. ಹದಿಹರೆಯದ ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿ ತಮ್ಮದೇ ಸರ್ಕಾರವನ್ನು ರಚಿಸಿಕೊಂಡರು. ಸೆಪ್ಟೆಂಬರ್ 28ರಂದು ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಕೊಲೆಯಾದರು. ಅದರ ಬೆನ್ನಿಗೆ ಊರಿನ ಮೇಲೆ ತೀವ್ರವಾದ ದಮನಕಾರ್ಯ ನಡೆಯಿತು. ವಿಚಾರಣೆಯ ಬಳಿಕ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ ಮತ್ತು ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಲಾಯಿತು.

ನಾಳ್ಗಾವುಂಡರ ನಾಡಿಗೂ ಈಸೂರಿನ ಸರ್ಕಾರಕ್ಕೂ ನೇರವಾದ ಕೊಂಡಿಯನ್ನು ಕಲ್ಪಿಸುವುದು ಇತಿಹಾಸದ ವಿಧಾನಕ್ಕೆ ಒಪ್ಪುವುದಿಲ್ಲ. ಎರಡರ ನಡುವೆ ಶತಮಾನಗಳ ಅಂತರವಿದೆ. ಈಸೂರಿನ ಪ್ರೇರಣೆ ರಾಷ್ಟ್ರೀಯ ಚಳವಳಿಯಿಂದ ಬಂದುದು. ಆದರೂ ಕಂದಾಯ ಮತ್ತು ಊರಾಡಳಿತವೇ ಅಧಿಕಾರದ ಮರ್ಮವೆಂಬುದನ್ನು ಆ ಗ್ರಾಮಸ್ಥರು ತಿಳಿದಿದ್ದರು. ಸ್ವಾತಂತ್ರ್ಯವೆಂಬ ದೊಡ್ಡ ಮಾತನ್ನು ಅವರು ತಮ್ಮ ಊರಿನ ಅಳತೆಗೆ ತಂದುಕೊಂಡು ಅರ್ಥಮಾಡಿಕೊಂಡರು.

ಇಂದಿನ ಸ್ಥಿತಿ

ತಾಳಗುಂದ, ಬಳ್ಳಿಗಾವಿ, ಬಂದಳಿಕೆಗಳ ಮುಖ್ಯ ಸ್ಮಾರಕಗಳು ಸಂರಕ್ಷಣೆಗೆ ಒಳಪಟ್ಟಿವೆ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಆವರಣದಲ್ಲಿ ಸುತ್ತಲಿನ ಶಿಲ್ಪ ಮತ್ತು ಶಾಸನಗಳನ್ನು ಕೂಡಿಡಲಾಗಿದೆ. ಪ್ರವಾಸಿಗರು ಮೂರು ನೆಲೆಗಳನ್ನೂ ಒಂದೇ ದಿನದಲ್ಲಿ ನೋಡಿ ಬರಲು ಸಾಧ್ಯ. ಆದರೆ ಸಂರಕ್ಷಣೆಯ ಎಲ್ಲೆ ದೇವಾಲಯದ ಬೇಲಿಗೆ ಮುಗಿಯುತ್ತದೆ. ಹೊಲದ ಬದುವಿನ ವೀರಗಲ್ಲು, ಕೆರೆಯೇರಿಯ ಶಾಸನ, ಹಳೆಯ ಕಲ್ಲಿನ ತೂಬು ಇವು ಆ ಬೇಲಿಯ ಹೊರಗಿವೆ. ಕಲ್ಲನ್ನು ಕಿತ್ತು ಸಂಗ್ರಹಾಲಯಕ್ಕೆ ತಂದರೆ ಅದು ಉಳಿಯುತ್ತದೆ. ಅದು ಯಾವ ಕೆರೆಗೆ, ಯಾವ ಗಡಿಗೆ ಸೇರಿತ್ತೆಂಬ ಸಾಕ್ಷ್ಯ ಅಳಿಯುತ್ತದೆ. ದಾನಶಾಸನಕ್ಕೆ ತಾನು ನಿಂತ ಜಾಗವೇ ಅರ್ಧ ಅರ್ಥ.

ಕೆರೆಗಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಹೂಳು ತುಂಬುವಿಕೆ, ಅಂಗಳದ ಒತ್ತುವರಿ, ಕೊಳವೆಬಾವಿಗಳ ಮೇಲಿನ ಅವಲಂಬನೆ ಇವು ಕರ್ನಾಟಕದ ಎಲ್ಲ ಕೆರೆಸೀಮೆಗಳಂತೆ ಇಲ್ಲಿಗೂ ಅನ್ವಯಿಸುತ್ತವೆ. ತನ್ನ ಪಾಲಿನ ದುರಸ್ತಿಗೆ ತನ್ನ ಪಾಲಿನ ನೀರು ಎಂಬ ಹಳೆಯ ಕರಾರು ಕಡಿದುಹೋದ ಮೇಲೆ ಕೆರೆ ಎಲ್ಲರದೂ ಆಗಿ, ಯಾರದೂ ಅಲ್ಲದಂತಾಗಿದೆ. ಈ ಹಿನ್ನೆಲೆಯಲ್ಲಿ ಮೂರು ಕಾರ್ಯಗಳು ತುರ್ತಾಗಿ ನಡೆಯಬೇಕಾಗಿದೆ. ಪ್ರಕಟಿತ ಶಾಸನಗಳಲ್ಲಿ ಬರುವ ಕೆರೆ, ಗ್ರಾಮ, ಎಲ್ಲೆಗಳನ್ನು ಇಂದಿನ ಗ್ರಾಮನಕಾಶೆಗಳೊಡನೆ ಹೋಲಿಸಿ ಗುರುತಿಸುವುದು ಮೊದಲನೆಯದು. ಕಲ್ಲುಗಳನ್ನು ಅವು ಇರುವಲ್ಲಿಯೇ ದಾಖಲಿಸಿ ರಕ್ಷಿಸುವುದು ಎರಡನೆಯದು. ಕೆರೆ, ದೇ‌ವರು, ಮನೆತನಗಳ ಕುರಿತು ಊರ ಹಿರಿಯರ ನೆನಪಿನಲ್ಲಿರುವ ಮಾಹಿತಿಯನ್ನು ಬರೆದಿಡುವುದು ಮೂರನೆಯದು. ಈ ಮೂರನೆಯ ಆಕರಕ್ಕೆ ಕಲ್ಲಿನ ಆಯುಷ್ಯವಿಲ್ಲ.

ಉಪಸಂಹಾರ

ಚುಟುಗಳಿಂದ ಮೈಸೂರು ಸಂಸ್ಥಾನದವರೆಗೆ ಹತ್ತಾರು ಪ್ರಭುತ್ವಗಳು ಶಿಕಾರಿಪುರ ಸೀಮೆಯನ್ನು ಆಳಿದವು. ಮಳವಳ್ಳಿಯ ದತ್ತಿ ಒಂದು ವಂಶ ಅಳಿದ ಮೇಲೂ ಮತ್ತೆ ನಡೆಯಿತು. ತಾಳಗುಂದದಲ್ಲಿ ರಾಜವಂಶದ ಕಥೆ ಕೆರೆಯ ಹೆಸರಿನಲ್ಲಿ ಉಳಿಯಿತು. ನಾಗರಖಂಡದ ಆಡಳಿತ ತಾಯಿಯಿಂದ ಮಗಳಿಗೆ ಸಾಗಿತು. ಬಳ್ಳಿಗಾವಿಯ ಮಠದ ಅನ್ನ ಮತ್ತು ಅಕ್ಷರ ಎರಡೂ ಅಳೆದುಕೊಟ್ಟ ಗದ್ದೆಯಿಂದ ಬಂದವು. ಈ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇಲ್ಲಿನ ಚರಿತ್ರೆಯ ಘಟಕ ರಾಜ್ಯವಾಗಿರದೆ ನಾಡಾಗಿತ್ತೆಂಬುದು ಸ್ಪಷ್ಟವಾಗುತ್ತದೆ. ಕರ್ನಾಟಕದ ಇತರ ಗ್ರಾಮೀಣ ಸೀಮೆಗಳನ್ನೂ ಇದೇ ದೃಷ್ಟಿಯಿಂದ ಪರಿಶೀಲಿಸಿದರೆ, ರಾಜಧಾನಿಗಳಿಂದ ನೋಡಿ ಬರೆದ ಇತಿಹಾಸಕ್ಕೆ ಪೂರಕವಾದ ಹೊಸ ಅಧ್ಯಾಯಗಳು ಸೇರುವುದರಲ್ಲಿ ಸಂದೇಹವಿಲ್ಲ. ಅಂತಹ ಅಧ್ಯಯನಕ್ಕೆ ಬೇಕಾದ ಕಲ್ಲುಗಳು ಮತ್ತು ಕೆರೆಗಳು ಇನ್ನೂ ಸ್ಥಳದಲ್ಲಿರುವಾಗಲೇ ಅದು ಕೈಗೂಡಬೇಕು.